ಹತ್ತು ಎಳೆಗೆ ಎರಡು ಕೈ

(ತೆರಕಣಾಂಬಿಯಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಕೂಟದಲ್ಲಿ ಮಾಡಿದ ಭಾಷಣ)



ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಬಂದು ಇಲ್ಲಿ ಇಳಿದಾಗ ಸಭೆಗೆ ಇನ್ನೂ ಒಂದು ಗಂಟೆ ಹೊತ್ತಿತ್ತು. ಊರನ್ನು ಒಂದು ಸುತ್ತು ಹಾಕಿ ಬರೋಣವೆಂದು ಹೊರಟೆವು. ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದು, ರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸೇರಿದ ಊರಿದು. ನೋಡಲು ಹಳೆಯ ಗುಡಿಗಳಿಗೇನೂ ಕೊರತೆಯಿಲ್ಲ. ಆದರೆ ನಮ್ಮ ಕಾಲು ದಾರಿಯಲ್ಲೇ ಒಂದು ಹಿಟ್ಟಿನ ಗಿರಣಿಯ ಮುಂದೆ ನಿಂತುಬಿಟ್ಟಿತು. ಗುಡಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಸಲ ನೋಡಬಹುದು.

ಗಿರಣಿಯಲ್ಲಿ ಇದ್ದವರು ಒಬ್ಬರೇ. ಯಂತ್ರ ಎರಡು. ಒಂದರಲ್ಲಿ ರಾಗಿ ಬೀಳುತ್ತಿತ್ತು, ಇನ್ನೊಂದರಲ್ಲಿ ಮೆಣಸಿನಕಾಯಿ. ಅವರು ರಾಗಿಯ ಹಿಟ್ಟು ಬೀಳುವ ಬಾಯಿಗೆ ಅಂಗೈ ಒಡ್ಡಿ, ಹಿಟ್ಟು ಎಷ್ಟು ಬಿಸಿಯಾಗಿದೆ, ಎಷ್ಟು ನುಣ್ಣಗಾಗಿದೆ ಎಂದು ನೋಡಿ, ತಿರುಪನ್ನು ಕಾಲು ಸುತ್ತು ಸಡಿಲಿಸಿದರು. ಅಷ್ಟರಲ್ಲಿ ಒಬ್ಬ ತಾಯಿ ಗೋಧಿ ತಂದಳು. ಒಂದು ಹಿಡಿ ತೆಗೆದು ಹಲ್ಲಿನಲ್ಲಿ ಕಚ್ಚಿ, ಇನ್ನೂ ಹಸಿಯಾಗಿದೆ, ಒಂದು ಬಿಸಿಲು ಕೊಟ್ಟು ತಾ ಎಂದರು. ಇನ್ನೊಬ್ಬರ ಮೂಟೆ ತೂಗಿದರು, ದುಡ್ಡು ಎಣಿಸಿದರು, ಚಿಲ್ಲರೆ ಕೊಟ್ಟರು. ಬೆಲ್ಟಿನ ಸದ್ದು ಒಂದಿಷ್ಟು ಬದಲಾಯಿತು; ನಮಗೆ ಅದು ಕೇಳಿಸಲೇ ಇಲ್ಲ. ಅವರು ತಲೆ ಎತ್ತಿ ನೋಡಿದರು, ಹೋಗಿ ಮೆಣಸಿನಕಾಯಿಯ ಬಾಯಿಗೆ ಕೋಲು ಹಾಕಿ ಕದಡಿ ಬಂದರು. ಕಾಲು ಗಂಟೆಯಲ್ಲಿ ಅವರು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದ್ದನ್ನು ಎಣಿಸಿದೆವು. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಎಣಿಸುವವರಿಗೇ ಸುಸ್ತಾಯಿತು, ಮಾಡುವವರಿಗೆ ಆಗಲಿಲ್ಲ.

ನಮಗೆ ಮಾತನಾಡಲು ಕೊಟ್ಟ ವಿಷಯ 'ದುಡಿಮೆಗಾರನೂ ಯಂತ್ರವೂ' ಎಂಬುದು. ಅದು ಬಲು ದೊಡ್ಡದು. ಗಿರಣಿಯ ಮುಂದೆ ನಿಂತದ್ದರಿಂದ ಅದು ನಮ್ಮ ಅಳವಿಗೆ ಸಿಕ್ಕುವಷ್ಟು ಚಿಕ್ಕದಾಯಿತು. ಯಂತ್ರ ನಡೆಸುವವನು ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೊರಳುತ್ತಾನಲ್ಲ, ಆ ಹೊರಳುವುದೂ ಒಂದು ಕಸುಬೇ? ಕಸುಬಾದರೆ ಅದು ಕೈಗೆ ಹೇಗೆ ಹತ್ತುತ್ತದೆ? ಅದಕ್ಕೆ ಬೆಲೆ ಯಾರು ಕಟ್ಟಬೇಕು? ಇಷ್ಟನ್ನೇ ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಈ ಕಸುಬನ್ನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲವರು ರೇಷ್ಮೆ ನೂಲು ಬಿಚ್ಚುವವರು. ಚಾಮರಾಜನಗರ, ಸಂತೇಮರಹಳ್ಳಿ, ಕೊಳ್ಳೇಗಾಲಗಳಲ್ಲಿ ಸರ್ಕಾರದ ಫಿಲೇಚರುಗಳು ನಡೆದ ಕಾಲವನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಈ ಸಭೆಯಲ್ಲಿಯೇ ಆ ತೊಟ್ಟಿಗಳ ಮುಂದೆ ಕೂತು ಬಂದ ತಾಯಂದಿರು ಇರಬಹುದು. ಅವರ ಮುಂದೆ ಆ ಕೆಲಸವನ್ನು ವರ್ಣಿಸುವುದು ಅಗಸನಿಗೆ ಬಟ್ಟೆ ಒಗೆಯುವುದನ್ನು ಹೇಳಿಕೊಟ್ಟಂತೆ; ಆದರೂ ಬೇರೆಯವರಿಗಾಗಿ ಹೇಳಲೇಬೇಕು.

ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಮೆತ್ತಗಾಗಿ ಎಳೆ ಬಿಡುತ್ತದೆ. ಒಂದು ಗೂಡಿನ ಎಳೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ಎಂಟೋ ಹತ್ತೋ ಗೂಡುಗಳ ಎಳೆಗಳನ್ನು ಒಂದಾಗಿ ಎಳೆದರೆ ಮಗ್ಗಕ್ಕೆ ಆಗುವ ಒಂದು ನೂಲಾಗುತ್ತದೆ. ಹತ್ತು ನೂಲಿನ ತೊಟ್ಟಿಯಲ್ಲಿ ಅಂಥ ಹತ್ತು ನೂಲುಗಳು ಏಕಕಾಲಕ್ಕೆ ಏಳುತ್ತಿರುತ್ತವೆ, ನೋಡಿಕೊಳ್ಳುವವಳು ಒಬ್ಬಳು. ಒಂದು ಗೂಡು ಮುಗಿದೊಡನೆ ಆ ಜಾಗಕ್ಕೆ ಇನ್ನೊಂದರ ತುದಿಯನ್ನು ಹಿಡಿದು, ಏಳುವ ನೂಲಿಗೆ ತಾಕುವಂತೆ ಎಸೆಯಬೇಕು. ತಡಮಾಡಿದರೆ ನೂಲು ಸಣ್ಣಗಾಗುತ್ತದೆ, ಅವಸರದಲ್ಲಿ ಎರಡು ಹಾಕಿದರೆ ದಪ್ಪಗಾಗುತ್ತದೆ.

ಒಂದು ಲೆಕ್ಕ ಹಾಕೋಣ. ಗೂಡಿನ ಎಳೆ 500 ಮೀಟರು ಎಂದು ಇಟ್ಟುಕೊಳ್ಳಿ. ನೂಲು ನಿಮಿಷಕ್ಕೆ 100 ಮೀಟರು ಓಡುತ್ತದೆ ಎನ್ನಿ. ಐದು ನಿಮಿಷಕ್ಕೆ ಒಂದು ಗೂಡು ಖಾಲಿ. ನೂಲೊಂದಕ್ಕೆ ಎಂಟು ಗೂಡು, ಹತ್ತು ನೂಲಿಗೆ ಎಂಬತ್ತು. ಐದು ನಿಮಿಷಕ್ಕೆ ಎಂಬತ್ತು ಎಂದರೆ ನಿಮಿಷಕ್ಕೆ ಹದಿನಾರು. ನಾಲ್ಕು ಸೆಕೆಂಡು ಕಳೆಯುವ ಮೊದಲೇ ಒಂದು. ಗಂಟೆಗೆ 960 ಸಲ. ನಡುವೆ ಎಳೆ ಹರಿಯುವುದು, ನೂಲು ತುಂಡಾಗಿ ಗಂಟು ಹಾಕುವುದು, ಸತ್ತ ಹುಳುಗಳನ್ನು ತೊಟ್ಟಿಯಿಂದ ತೆಗೆಯುವುದು, ಬೆಂದ ಗೂಡು ಬಂತೇ ಎಂದು ನೋಡುವುದು, ಇವೆಲ್ಲ ಲೆಕ್ಕದ ಹೊರಗೆ.

ಬರೀ ಎಣಿಕೆಯೂ ಸಾಲದು. ಗೂಡಿನ ಎಳೆ ಉದ್ದಕ್ಕೂ ಒಂದೇ ದಪ್ಪವಿರುವುದಿಲ್ಲ, ಒಳಗೆ ಹೋದಂತೆ ಸಣ್ಣದಾಗುತ್ತದೆ. ಎಂಟು ಗೂಡುಗಳೂ ಮುದಿಯಾಗಿದ್ದರೆ ಎಂಟು ಸಾಲದು. ಎಂಟೂ ಹೊಸವಾದರೆ ಎಂಟು ಹೆಚ್ಚಾಯಿತು. ಆದ್ದರಿಂದ ಹಳೆಯವು ಎಷ್ಟು, ಹೊಸವು ಎಷ್ಟು ಎಂಬುದು ಅವಳ ಕಣ್ಣಿನಲ್ಲಿರಬೇಕು; ಒಂದು ನೂಲಿನದಲ್ಲ, ಹತ್ತರದೂ. ಅದೇ ಹೊತ್ತಿನಲ್ಲಿ ಬೆರಳು ಬಿಸಿನೀರಿನಲ್ಲಿ ನೆನೆದು ತೊಗಲು ಸುಲಿದಿರುತ್ತದೆ.

ಈ ಕೆಲಸಕ್ಕೆ ಮೇಲಿನವರು ಕೊಡುತ್ತಿದ್ದ ವಿವರಣೆ ನಮಗೆ ಚೆನ್ನಾಗಿ ನೆನಪಿದೆ: ಹೆಂಗಸರ ಬೆರಳು ಚುರುಕು, ಹತ್ತು ಕಡೆ ಗಮನ ಇಡುವುದು ಅವರ ಹುಟ್ಟುಗುಣ, ಮನೆಯಲ್ಲಿ ಒಲೆ, ಮಗು, ಎಮ್ಮೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವುದಿಲ್ಲವೇ ಎಂದು. ಕೇಳಲು ಹೊಗಳಿಕೆ. ಒಳಗಿನ ಲೆಕ್ಕ ಬೇರೆ. ಹುಟ್ಟುಗುಣಕ್ಕೆ ಯಾರೂ ಕೂಲಿ ಕೊಡುವುದಿಲ್ಲ; ಕಲಿತ ಕಸುಬಿಗೆ ಕೊಡಬೇಕಾಗುತ್ತದೆ. ಹೊಸದಾಗಿ ಬಂದ ಹುಡುಗಿ ಹುಟ್ಟುಗುಣದಿಂದ ಹತ್ತು ನೂಲು ನಡೆಸಿದ್ದನ್ನು ಯಾರಾದರೂ ಕಂಡಿದ್ದೀರಾ? ಮೊದಲು ಅವಳು ಗೂಡು ಬೇಯಿಸುವ ಕಡೆ ಇರುತ್ತಾಳೆ, ಆಮೇಲೆ ಎಳೆಯ ತುದಿ ಹುಡುಕುತ್ತಾಳೆ, ಆಮೇಲೆ ಒಂದೆರಡು ನೂಲು, ಮತ್ತೆ ನಾಲ್ಕು, ಹೀಗೆ ಮೇಲೇರುತ್ತಾಳೆ. ತಿಂಗಳುಗಳು ಹಿಡಿಯುತ್ತವೆ.

ಈಗ ದೊಡ್ಡವರು ಏನು ಹೇಳಿದ್ದಾರೆ ನೋಡೋಣ. 1776ರಲ್ಲಿ ಆಡಂ ಸ್ಮಿತ್ ಎಂಬ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ರಾಷ್ಟ್ರಗಳ ಸಂಪತ್ತನ್ನು ಕುರಿತ ಗ್ರಂಥ ಬರೆದನು. ಗುಂಡುಸೂಜಿ ತಯಾರಿಸುವ ಕೆಲಸವನ್ನು ಹಲವರಲ್ಲಿ ಹಂಚಿದರೆ ಉತ್ಪತ್ತಿ ಹೇಗೆ ಹೆಚ್ಚುತ್ತದೆಂಬುದು ಅದರ ಮೊದಲ ಪಾಠ. ಹಾಗೆ ಹೆಚ್ಚಲು ಅವನು ಕೊಟ್ಟ ಮೂರು ಕಾರಣಗಳಲ್ಲಿ ಒಂದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಹಾಳಾಗುವ ಹೊತ್ತು ಉಳಿಯುತ್ತದೆ ಎಂಬುದು. ಉದಾಹರಣೆಗೆ ಅವನು ಆರಿಸಿಕೊಂಡದ್ದು ಯಾರನ್ನು ಗೊತ್ತೇ? ತುಂಡು ಹೊಲವನ್ನೂ ಇಟ್ಟುಕೊಂಡ ಹಳ್ಳಿಯ ನೇಕಾರನನ್ನು. ಅವನು ಮಗ್ಗದಿಂದ ಹೊಲಕ್ಕೆ, ಹೊಲದಿಂದ ಮಗ್ಗಕ್ಕೆ ಹೋಗುವುದರಲ್ಲಿ ಕಾಲ ಕಳೆಯುತ್ತಾನೆ. ಹೊಸ ಕೆಲಸಕ್ಕೆ ಕೂತಾಗ ಮನಸ್ಸು ಕೂಡಲೇ ಕೂರುವುದಿಲ್ಲ, ಸ್ವಲ್ಪ ಹೊತ್ತು ಅಲೆದಾಡುತ್ತದೆ. ಹೀಗೇ ಬೆಳೆದು ಅವನು ಸೋಮಾರಿಯಾಗುತ್ತಾನೆ ಎಂದು ಸ್ಮಿತ್ತನ ದೂರು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರಳುವುದಕ್ಕೆ ಹೊತ್ತು ಹಿಡಿಯುತ್ತದೆಂಬುದು ನಿಜ. ಅದರಿಂದ ಸೋಮಾರಿತನ ಬರುತ್ತದೆಂಬುದನ್ನು ಈ ಊರಿನಲ್ಲಿ ಬೆಳಿಗ್ಗೆ ನೀರು ಹಾಯಿಸಿ, ಹಾಲು ಹಾಕಿ, ಎಂಟರ ಬಸ್ಸಿಗೆ ನಂಜನಗೂಡಿನ ಕಾರ್ಖಾನೆಗೆ ಹೋಗುವ ಹುಡುಗರ ಮುಂದೆ ಹೇಳುವ ಧೈರ್ಯ ನಮಗಿಲ್ಲ. ಒಂದು ನ್ಯಾಯವನ್ನು ಮಾತ್ರ ಸ್ಮಿತ್ತನಿಗೆ ಸಲ್ಲಿಸಬೇಕು. ಅದೇ ಗ್ರಂಥದ ಕೊನೆಯ ಭಾಗದಲ್ಲಿ, ಜೀವಮಾನವೆಲ್ಲ ಒಂದೆರಡು ಸಣ್ಣ ಕೆಲಸವನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದೂ ಅವನು ಒಪ್ಪಿಕೊಂಡಿದ್ದಾನೆ. ಮಾಲೀಕರು ಮೊದಲ ಪುಟಗಳನ್ನು ಓದಿ ಪುಸ್ತಕ ಮುಚ್ಚಿದರು.

ಆ ಅರ್ಧ ಸತ್ಯವನ್ನು ಅಳೆದು ನೋಡಿದವರು ಬಹಳ ಕಾಲದ ಮೇಲೆ ಬಂದರು. 1927ರಲ್ಲಿ ಅಮೆರಿಕದ ಆರ್ಥರ್ ಜೆರ್ಸಿಲ್ಡ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸರಳ ಪ್ರಯೋಗ ಮಾಡಿದನು. ಅಂಕಿಗಳ ಪಟ್ಟಿ ಕೊಟ್ಟು, ಎಲ್ಲಕ್ಕೂ ಮೂರು ಕೂಡಿಸು ಎಂದರೆ ಎಷ್ಟು ಹೊತ್ತು, ಒಂದಕ್ಕೆ ಕೂಡಿಸು ಮುಂದಿನದರಲ್ಲಿ ಕಳೆ ಎಂದರೆ ಎಷ್ಟು ಹೊತ್ತು ಎಂದು ನೋಡಿದನು. ಬದಲಾಯಿಸುತ್ತ ಹೋದಾಗ ಹೆಚ್ಚು ಹೊತ್ತು ಹಿಡಿಯಿತು. ಇಷ್ಟೇ ಆದರೆ ಸ್ಮಿತ್ತನಿಗೇ ಗೆಲುವು. ಆದರೆ ಪಟ್ಟಿಯಲ್ಲಿ ಒಂದು ಅಂಕಿ, ಒಂದು ಪದ, ಮತ್ತೆ ಅಂಕಿ, ಮತ್ತೆ ಪದ ಎಂದು ಇಟ್ಟು, ಅಂಕಿಗೆ ಒಂದು ಕೆಲಸ, ಪದಕ್ಕೆ ಬೇರೆ ಕೆಲಸ ಕೊಟ್ಟಾಗ ಆ ಹೆಚ್ಚಿನ ಹೊತ್ತು ಮಾಯವಾಯಿತು! ಎದುರಿಗಿರುವ ವಸ್ತುವೇ 'ನನಗೆ ಇದನ್ನು ಮಾಡು' ಎಂದು ಹೇಳುವಂತಿದ್ದರೆ ಹೊರಳುವುದು ಕಷ್ಟವಲ್ಲ. ಒಂದೇ ಬಗೆಯ ವಸ್ತು ಒಮ್ಮೆ ಇದನ್ನು, ಒಮ್ಮೆ ಅದನ್ನು ಬೇಡುವಾಗಲೇ ತಲೆ ತಿರುಗುವುದು.

ಇದನ್ನು ನಿಮ್ಮ ಕೆಲಸಕ್ಕೆ ಹಚ್ಚಿ ನೋಡಿ. ರಾಗಿ ಮತ್ತು ಮೆಣಸಿನಕಾಯಿಯ ನಡುವೆ ಹೊರಳುವುದು ಗಿರಣಿಯವರಿಗೆ ಸುಲಭ. ಮೆಣಸಿನಕಾಯಿ ಮೂಗಿಗೇ ಹೇಳುತ್ತದೆ. ಒಂದೇ ಬಗೆಯ ಚೀಲದಲ್ಲಿ ಬಂದ ಇಡ್ಲಿಯ ಅಕ್ಕಿ ಮತ್ತು ರೊಟ್ಟಿಯ ಅಕ್ಕಿಯ ನಡುವೆ ಹೊರಳುವುದು ಕಷ್ಟ, ತಪ್ಪು ಆಗುವುದೂ ಅಲ್ಲಿಯೇ. ನೂಲಿನ ಗಿರಣಿಯಲ್ಲಿ ಎರಡು ನಂಬರಿನ ನೂಲನ್ನು ಒಂದೇ ಬಣ್ಣದ ಬಾಬಿನಿಗೆ ಸುತ್ತಿ ಕೊಟ್ಟು, ಬೆರೆತು ಹೋದಾಗ ಕೆಲಸಗಾರನಿಗೆ ದಂಡ ಹಾಕುತ್ತಾರೆ. ಬಾಬಿನಿಗೆ ಎರಡು ಬಣ್ಣ ಬಳಿಯಲು ಎಷ್ಟು ಖರ್ಚು? ಬೇಡಿಕೆಯ ಪಟ್ಟಿಯಲ್ಲಿ ಕೂಲಿ, ಬೋನಸ್ಸುಗಳ ಜೊತೆಗೆ ಇಂಥದೊಂದು ಸಾಲನ್ನೂ ಬರೆಯಲು ನಾವು ಕಲಿಯಬೇಕು.

1995ರಲ್ಲಿ ರಾಜರ್ಸ್ ಮತ್ತು ಮಾನ್ಸೆಲ್ ಎಂಬ ಇಬ್ಬರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮುಂದಿನ ಕೆಲಸ ಯಾವುದೆಂದು ಮೊದಲೇ ಗೊತ್ತಿದ್ದು, ಸಿದ್ಧವಾಗಲು ಅರ್ಧ ಸೆಕೆಂಡಿನಷ್ಟು ಬಿಡುವು ಸಿಕ್ಕರೆ ಹೊರಳುವ ನಷ್ಟ ಬಹಳಷ್ಟು ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. ಎಷ್ಟು ಸಿದ್ಧವಾಗಿದ್ದರೂ ಹೊರಳಿದ ಮೇಲಿನ ಮೊದಲನೆಯ ಕೆಲಸದಲ್ಲಿ ಒಂದು ಚೂರು ನಿಧಾನ ಉಳಿದೇ ಉಳಿಯಿತು. ಎಂದರೆ, ಅದು ಸೋಮಾರಿತನವಲ್ಲ. ಮನುಷ್ಯನ ತಲೆಯೇ ಹಾಗೆ ಇದೆ.

ಹಾಗಾದರೆ ನುರಿತವನಿಗೆ ಗೊತ್ತಿರುವುದೇನು? ನಾವು ಹರೆಯದಲ್ಲಿ ಒಂದು ಊರಿನ ಗಿರಣಿಯ ಮಗ್ಗದ ಖಾತೆಯಲ್ಲಿ ಕೆಲವು ಕಾಲ ದುಡಿದೆವು. ನಾಲ್ಕು ಮಗ್ಗ ನಮ್ಮ ಪಾಲಿಗೆ. ಮೊದಲ ವಾರ ಯಾವ ಮಗ್ಗ ನಿಂತರೆ ಅದರ ಕಡೆ ಓಡುತ್ತಿದ್ದೆವು. ಪಕ್ಕದ ಹಿರಿಯರು ಓಡುತ್ತಿರಲಿಲ್ಲ. ಒಂದೇ ಹದದಲ್ಲಿ ಸುತ್ತು ಹಾಕುತ್ತಿದ್ದರು, ನಮಗಿಂತ ಹೆಚ್ಚು ಬಟ್ಟೆ ಇಳಿಸುತ್ತಿದ್ದರು. ಅವರು ಹೇಳಿಕೊಟ್ಟದ್ದನ್ನು ಈಗ ನೆನೆದರೆ ಅದರಲ್ಲಿ ಒಂದು ಶಾಸ್ತ್ರವೇ ಇತ್ತು. ನಿಂತ ಮಗ್ಗದಿಂದ ಹೊತ್ತು ಮಾತ್ರ ಹೋಗುತ್ತದೆ. ತಪ್ಪಾಗಿ ಓಡುತ್ತಿರುವ ಮಗ್ಗದಿಂದ ಬಟ್ಟೆಯೇ ಹೋಗುತ್ತದೆ, ಆದ್ದರಿಂದ ನಿಂತದ್ದು ಕಾಯಲಿ, ಓಡುವುದನ್ನು ನೋಡು. ಗಂಟಿನ ಅರ್ಧದಲ್ಲಿ ಯಾರು ಕೂಗಿದರೂ ತಿರುಗಬೇಡ. ಗಂಟು ಬಿಗಿದು ತಿರುಗು. ಬಿಟ್ಟು ಹೋಗಲೇಬೇಕಾದರೆ ಕತ್ತರಿಯನ್ನು ಎಳೆ ಹರಿದ ಜಾಗದ ಮೇಲೆ ಇಟ್ಟು ಹೋಗು, ಬಂದಾಗ ಹುಡುಕಬೇಕಾಗುವುದಿಲ್ಲ. ಈ ಮಗ್ಗದಲ್ಲಿ ಕೈ ಆಡುತ್ತಿರುವಾಗಲೇ ಮುಂದಿನ ಮಗ್ಗದ ಲಾಳಿಯಲ್ಲಿ ನೂಲು ಎಷ್ಟಿದೆ ಎಂಬುದು ತಲೆಯಲ್ಲಿರಲಿ. ಕಿವಿಯನ್ನು ಯಾವ ಮಗ್ಗಕ್ಕೂ ಕೊಡಬೇಡ, ಎಲ್ಲಕ್ಕೂ ಕೊಡು. ಕೊನೆಯದು ನಮಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು.

ಆ ಮೂರು ತಿಂಗಳಲ್ಲಿ ಒಂದು ವಿಚಿತ್ರವನ್ನೂ ಕಂಡೆವು. ಮೊದಮೊದಲು ದಿನದಿನಕ್ಕೆ ಕೆಲಸ ಹತ್ತುತ್ತ ಬಂತು, ಆಮೇಲೆ ವಾರಗಟ್ಟಲೆ ಇದ್ದಲ್ಲೇ ನಿಂತಿತು. ನಮ್ಮ ಹಣೆಬರಹ ಇಷ್ಟೇ ಎಂದುಕೊಂಡೆವು. ಮತ್ತೆ ಒಂದು ವಾರ ಹೇಗೋ ಏಣಿ ಹತ್ತಿದಂತೆ ಮೇಲೇರಿತು. 1897ರಲ್ಲೇ ಬ್ರಯನ್ ಮತ್ತು ಹಾರ್ಟರ್ ಎಂಬವರು ಅಮೆರಿಕದ ತಂತಿ ಕಚೇರಿಯ ಆಪರೇಟರುಗಳಲ್ಲಿ ಇದನ್ನೇ ಕಂಡು ಬರೆದಿದ್ದರೆಂಬುದು ಆಗ ನಮಗೆ ತಿಳಿದಿರಲಿಲ್ಲ. ತಂತಿ ಕೇಳಿ ಬರೆದುಕೊಳ್ಳುವವನು ಮೊದಲು ಒಂದೊಂದು ಅಕ್ಷರ ಹಿಡಿಯುತ್ತಾನೆ, ಆಮೇಲೆ ಪದವನ್ನು ಒಟ್ಟಿಗೆ ಹಿಡಿಯುತ್ತಾನೆ, ಇನ್ನೂ ಪಳಗಿದರೆ ಪದಗಳ ಗೊಂಚಲನ್ನೇ ಹಿಡಿಯುತ್ತಾನೆ. ಒಂದರಿಂದ ಇನ್ನೊಂದಕ್ಕೆ ಏರುವ ಮುಂಚೆ ಲೆಕ್ಕದಲ್ಲಿ ಏನೂ ಏರದ ಕಾಲವೊಂದು ಬರುತ್ತದೆ. ಒಳಗೆ ಕೆಲಸ ನಡೆದಿರುತ್ತದೆ, ಹೊರಗೆ ಕಾಣುವುದಿಲ್ಲ. ಮಗ್ಗದವನಿಗೂ ಮೊದಲು ನಾಲ್ಕು ಮಗ್ಗ ನಾಲ್ಕು ಕೆಲಸ. ಪಳಗಿದ ಮೇಲೆ ನಾಲ್ಕೂ ಸೇರಿ ಒಂದೇ ಕೆಲಸದ ನಾಲ್ಕು ಮೂಲೆ. ಆಗ ಅವನು ಹೊರಳುತ್ತಿದ್ದಾನೆಂದು ನೋಡುವವರಿಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ.

ಇನ್ನೊಂದು ಪ್ರಯೋಗ 1979ರದು. ಶೀ ಮತ್ತು ಮಾರ್ಗನ್ ಎಂಬವರು ಕೈಚಲನೆಯ ಕೆಲವು ಪಾಠಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪು ಒಂದು ಪಾಠವನ್ನು ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಎಲ್ಲವನ್ನೂ ಬೆರಸಿ ಅಭ್ಯಾಸ ಮಾಡಿತು. ಕಲಿಯುವಾಗ ಬೆರಸಿದವರು ಹಿಂದೆ ಬಿದ್ದರು. ಆದರೆ ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಅವರೇ ಮುಂದಿದ್ದರು. ಇದು ಪ್ರಯೋಗಶಾಲೆಯ ಸಣ್ಣ ಕೈಚಲನೆ. ಇಡೀ ಕಾರ್ಖಾನೆಗೆ ಹಾಗೆಯೇ ಹೊಂದಿಸುವುದು ತಪ್ಪು. ಆದರೂ ಒಂದು ಅನುಮಾನಕ್ಕೆ ಎಡೆ ಇದೆ. ಹೊಸಬನನ್ನು ಮೊದಲ ಹದಿನೈದು ದಿನದ ಉತ್ಪತ್ತಿ ನೋಡಿ ಮನೆಗೆ ಕಳುಹಿಸುತ್ತಾರಲ್ಲ, ಹಾಗೆ ಹೋದವರಲ್ಲಿ ಎಷ್ಟು ಜನ ನಿಜವಾಗಿ ಕಲಿಯುತ್ತಿದ್ದವರು?

ಈಗ ಕೂಲಿಯ ಮಾತಿಗೆ ಬರೋಣ. ಹೊರಳುವ ಕಸುಬು ದುಡಿಯುವವನದು. ಅದರ ಫಲ ಯಾರದು? 1894ರ ಸುಮಾರಿಗೆ ಅಮೆರಿಕದ ಡ್ರೇಪರ್ ಕಂಪೆನಿ ನಾರ್ತ್ರಪ್ ಮಗ್ಗವನ್ನು ಹೊರತಂದಿತು. ಲಾಳಿಯ ನೂಲು ಮುಗಿದರೆ ಅದೇ ತುಂಬಿಕೊಳ್ಳುತ್ತಿತ್ತು. 1924ರಲ್ಲಿ ಜಪಾನಿನ ಸಕಿಚಿ ಟೊಯೋಡಾರ ಸ್ವಯಂಚಾಲಿತ ಮಗ್ಗ ಬಂತು. ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಇವು ಒಳ್ಳೆಯ ಯಂತ್ರಗಳು, ನಾವು ಯಂತ್ರದ ವೈರಿಗಳಲ್ಲ. ಎಳೆ ಹರಿದದ್ದನ್ನು ಕಾಯುತ್ತ ಕೂರುವ ಕಷ್ಟವನ್ನು ಯಂತ್ರ ತೆಗೆದುಕೊಂಡರೆ ಒಳ್ಳೆಯದೇ. ಆದರೆ ನಮ್ಮ ದೇಶದ ಎಷ್ಟೋ ಗಿರಣಿಗಳಲ್ಲಿ ಆದದ್ದೇನು? ಮಗ್ಗ ಹಳೆಯದೇ, ಮಗ್ಗದ ಸಂಖ್ಯೆ ಮಾತ್ರ ಹೊಸದು. 1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ನೇಕಾರನಿಗೆ ಎರಡು ಮಗ್ಗದ ಬದಲು ಮೂರು ಎಂಬ ಏರ್ಪಾಟು ಬಂದಾಗ ಒಂದೂವರೆ ಲಕ್ಷದಷ್ಟು ಜನ ಸುಮಾರು ಆರು ತಿಂಗಳು ಕೆಲಸ ನಿಲ್ಲಿಸಿದರು. 1955ರಲ್ಲಿ ಕಾನಪುರದ ಬಟ್ಟೆ ಗಿರಣಿಗಳಲ್ಲಿಯೂ ಇಂಥದೇ ಕಾರಣಕ್ಕೆ 80 ದಿನ ಮುಷ್ಕರ ನಡೆಯಿತು.

ಮಾಲೀಕರ ಲೆಕ್ಕ ಹೀಗಿರುತ್ತದೆ: ಒಂದು ಮಗ್ಗ ಗಂಟೆಗೆ ಆರು ನಿಮಿಷ ಮಾತ್ರ ಕೈ ಬೇಡುತ್ತದೆ, ಆದ್ದರಿಂದ ಒಬ್ಬನಿಗೆ ಹತ್ತು ಮಗ್ಗ ಕೊಟ್ಟರೆ ಅರುವತ್ತು ನಿಮಿಷ ತುಂಬಿತು. ಕಾಗದದ ಮೇಲೆ ಸರಿ. ಮಗ್ಗಗಳು ಸೊಸೈಟಿಯ ಮುಂದೆ ಚೀಟಿ ಹಿಡಿದು ಸಾಲು ನಿಂತಂತೆ ಒಂದರ ಹಿಂದೆ ಒಂದು ನಿಲ್ಲುವುದಿಲ್ಲವಲ್ಲ! ಒಮ್ಮೆ ಮೂರು ಒಟ್ಟಿಗೆ ನಿಲ್ಲುತ್ತವೆ, ಒಮ್ಮೆ ಒಂದೂ ನಿಲ್ಲುವುದಿಲ್ಲ. ಮಗ್ಗದಿಂದ ಮಗ್ಗಕ್ಕೆ ನಡೆಯುವ ಹೊತ್ತು ಲೆಕ್ಕದಲ್ಲಿಲ್ಲ. ತಲೆ ಹೊರಳುವ ಹೊತ್ತು ಲೆಕ್ಕದಲ್ಲಿಲ್ಲ. ಕಾಯುತ್ತ ನಿಂತ ಮಗ್ಗದ ನಷ್ಟಕ್ಕೆ ತುಂಡುಗೂಲಿಯವನೇ ಹೊಣೆ.

ಅದಕ್ಕಿಂತ ಕೆಟ್ಟದ್ದು ಒಂದಿದೆ. ನಾವು ದುಡಿಯುತ್ತಿದ್ದ ಖಾತೆಯಲ್ಲಿ ನಾಲ್ಕರ ಜಾಗದಲ್ಲಿ ಆರು ಮಗ್ಗ ಮಾಡಿದ ತಿಂಗಳು, ನಮ್ಮ ಪಕ್ಕದ ಆ ಹಿರಿಯರ ಎರಡು ಬೆರಳು ಹೋದವು. ಒಂದು ಮಗ್ಗದ ಗಾಲಿಯ ಹತ್ತಿರ ಕೈ ಇಟ್ಟಿದ್ದಾಗ ಇನ್ನೊಂದರಲ್ಲಿ ಲಾಳಿ ಹಾರಿದ ಸದ್ದಾಯಿತು. ತಲೆ ಅತ್ತ ಹೊರಳಿತು, ಕೈ ಇತ್ತಲೇ ಉಳಿಯಿತು. ಗಾಲಿಗೆ ಇರಬೇಕಾಗಿದ್ದ ಮುಚ್ಚಳವನ್ನು ರಿಪೇರಿಗೆಂದು ತೆಗೆದವರು ಮತ್ತೆ ಹಾಕಿರಲಿಲ್ಲ. ಗಂಟಿನ ಅರ್ಧದಲ್ಲಿ ತಿರುಗಬೇಡ ಎಂದು ನಮಗೆ ಹೇಳಿಕೊಟ್ಟವರೇ ಅವರು. ಅಪಘಾತದ ಪುಸ್ತಕದಲ್ಲಿ ಬರೆದದ್ದು ಒಂದೇ ಮಾತು: ಅಜಾಗರೂಕತೆ. ಅದನ್ನು ನಾವು ಓದಿದೆವು, ಅವರೂ ಓದಿದರು. ಪರಿಹಾರ ಕೇಳಲು ಅವರು ಹೋಗಲೇ ಇಲ್ಲ, ತಪ್ಪು ತಮ್ಮದೇ ಎಂದುಕೊಂಡರು. ನಾವೂ ಅವರಿಗೆ ಹೋಗಿ ಎನ್ನಲಿಲ್ಲ. ನಮಗೆ ಆಗ ಕಾಯಿದೆ ಗೊತ್ತಿರಲಿಲ್ಲ ಎಂಬುದು ನಿಜ. ಕೇಳಿ ತಿಳಿಯಲಿಲ್ಲ ಎಂಬುದು ಇನ್ನೂ ನಿಜ.

ಆದ್ದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇವೆ, ದಯವಿಟ್ಟು ಮನೆಗೆ ಹೋಗಿ ಹೇಳಿ. 1923ರ ಕೆಲಸಗಾರರ ಪರಿಹಾರ ಕಾಯಿದೆಯಲ್ಲಿ ಬರೀ ಅಜಾಗರೂಕತೆಯ ಕಾರಣಕ್ಕೆ ಪರಿಹಾರ ತಪ್ಪಿಸಲು ಅವಕಾಶವಿರಲಿಲ್ಲ. ಕುಡಿದಿದ್ದರಿಂದ ಆದದ್ದು, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ್ದು, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದದ್ದು, ಇಂಥವಕ್ಕೆ ಮಾತ್ರ ಮಾಲೀಕನಿಗೆ ವಿನಾಯಿತಿ. ಸಾವೋ ಪೂರ್ಣ ಶಾಶ್ವತ ಅಂಗವಿಕಲತೆಯೋ ಆದರೆ ಆ ವಿನಾಯಿತಿಯೂ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಸೂತ್ರವೇ ಉಳಿದಿದೆ. ಯಂತ್ರದ ಓಡುವ ಭಾಗಗಳಿಗೆ ಮರೆ ಕಟ್ಟಬೇಕೆಂಬುದು 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮಿನಲ್ಲಿದ್ದ ಮಾಲೀಕನ ಹೊಣೆ. ಅಪಘಾತದ ಪುಸ್ತಕದಲ್ಲಿ ಯಾರಾದರೂ ಆ ಒಂದು ಪದ ಬರೆದರೆ, ಆಗ ಎಷ್ಟು ಯಂತ್ರ ಅವನ ಕೈಯಲ್ಲಿದ್ದವು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಸಿ.

ಯಂತ್ರಗಳನ್ನು ಹೆಚ್ಚಿಸುವುದೇ ಆದರೆ ಹೇಗೆ ಎಂಬುದಕ್ಕೆ ಹೊಸ ಮಾತು ಹುಡುಕಬೇಕಾಗಿಲ್ಲ. 1957ರಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ್ದಿದೆ. ಇರುವವರ ಕೆಲಸವಾಗಲಿ ಗಳಿಕೆಯಾಗಲಿ ಹೋಗಬಾರದು, ಲಾಭ ಸಮಾಜ, ಮಾಲೀಕ, ಕೆಲಸಗಾರ ಈ ಮೂವರಲ್ಲಿ ನ್ಯಾಯವಾಗಿ ಹಂಚಿಕೆಯಾಗಬೇಕು, ಕೆಲಸದ ಹೊರೆಯನ್ನು ಇಬ್ಬರೂ ಒಪ್ಪಿದ ತಜ್ಞರು ಅಳೆಯಬೇಕು. ಕನಿಷ್ಠ ವೇತನದ ಮಾತಿಗಾಗಿ ಆ ಸಮ್ಮೇಳನವನ್ನು ಎಲ್ಲರೂ ನೆನೆಯುತ್ತಾರೆ, ಈ ಭಾಗವನ್ನು ಮರೆತುಬಿಡುತ್ತಾರೆ. ಹೊರೆ ಅಳೆಯುವ ಆ ತಜ್ಞ ಬಂದಾಗ ಗಡಿಯಾರ ಹಿಡಿದು ಕೈಯ ಕೆಲಸವನ್ನು ಮಾತ್ರ ಅಳೆಯುತ್ತಾನೆ. ಹೊರಳುವುದನ್ನೂ ಅಳೆಯಿರಿ ಎಂದು ಹೇಳಬೇಕಾದವರು ನಾವು.

ವರ್ತಕ ಮಿತ್ರರು ಇದು ತಮ್ಮ ಮಾತಲ್ಲ ಎಂದು ಆಕಳಿಸುತ್ತಿರಬಹುದು. ಸಂತೆಯ ದಿನ ನಿಮ್ಮ ಅಂಗಡಿಯಲ್ಲಿ ತಕ್ಕಡಿ, ಗಲ್ಲ, ಸಾಲದ ಪುಸ್ತಕ, ಫೋನಿನಲ್ಲಿ ಬಂದ ದುಡ್ಡಿನ ಸದ್ದು, ಮಗುವಿಗೆ ಪೆಪ್ಪರಮೆಂಟು, ಇವೆಲ್ಲದರ ನಡುವೆ ನೀವು ಮಾಡುವುದೂ ಅದೇ. ಸಾಲ ಬರೆದುಕೊಳ್ಳುವ ಅರ್ಧದಲ್ಲಿ ಯಾರೋ ಕರೆದು, ತಿರುಗಿ ಬಂದಾಗ ಬರೆದೆನೋ ಇಲ್ಲವೋ ತಿಳಿಯದೆ ಎಷ್ಟು ಸಲ ಕಳೆದುಕೊಂಡಿದ್ದೀರಿ? ಮಗ್ಗದವರ ಕತ್ತರಿ ನಿಮಗೂ ಉಪಯೋಗಕ್ಕೆ ಬರುತ್ತದೆ: ಬರೆದು ಮುಗಿಯುವವರೆಗೆ ಪುಸ್ತಕದ ಮೇಲಿಂದ ಪೆನ್ಸಿಲು ಎತ್ತಬೇಡಿ. ಅಂಗಡಿಯ ಹುಡುಗನಿಗೆ ಸಂತೆಯ ದಿನವೇ ಮೊದಲ ಪಾಠ ಹೇಳಿ, ಸಂಜೆಗೆ ದಡ್ಡ ಎನ್ನುವುದನ್ನೂ ಬಿಡಿ.

ಉಡುಪಿನ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. ಕಾಲರಿಗೂ ಕೂರಿಸುತ್ತಾರೆ, ತೋಳಿಗೂ ಕೂರಿಸುತ್ತಾರೆ, ಯಾರು ರಜೆ ಹಾಕಿದರೆ ಅವರ ಮೆಷಿನ್ನಿಗೆ ನಿಮ್ಮನ್ನು ಅಟ್ಟುತ್ತಾರೆ. ಹಲವು ಮೆಷಿನ್ನು ಬಲ್ಲವಳಿಗೆ ಮೇಲಿನ ಗ್ರೇಡು ಎಂದು ನಿಮ್ಮ ಕಾರ್ಖಾನೆಯಲ್ಲಿ ಇದ್ದರೆ ಅದನ್ನು ಕೇಳಿ ಪಡೆಯಿರಿ. ಇಲ್ಲದಿದ್ದರೆ, ಹೊಸ ಮೆಷಿನ್ನಿಗೆ ಕೂತ ಮೊದಲ ಗಂಟೆಯ ಟಾರ್ಗೆಟ್ಟು ಹಳೆಯ ಕೈಗೆ ಇಟ್ಟಷ್ಟೇ ಇರಬಾರದೆಂದಾದರೂ ಕೇಳಿ.

ಈಗ ನಿಮ್ಮಿಂದ ಆಗಬೇಕಾದ ಒಂದು ಕೆಲಸ. ನಮ್ಮ ಹತ್ತಿರ ಪುಸ್ತಕದ ಅಂಕಿಗಳಿವೆ, ಈ ಸೀಮೆಯ ಅಂಕಿಗಳಿಲ್ಲ. ಒಂದು ದಿನ, ಯಾವುದಾದರೂ ಒಂದು ಗಂಟೆ, ಪಕ್ಕದವರಿಂದ ಎಣಿಸಿರಿ: ಎಷ್ಟು ಸಲ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಿರಿ, ಅದರಲ್ಲಿ ಯಂತ್ರ ಕರೆದದ್ದು ಎಷ್ಟು, ಮೇಸ್ತ್ರಿ ಕರೆದದ್ದು ಎಷ್ಟು, ಅರ್ಧದಲ್ಲಿ ಬಿಟ್ಟದ್ದು ಎಷ್ಟು. ಯಂತ್ರ ಯಾವುದು, ಎಷ್ಟು ಎಂದು ಬರೆಯಿರಿ. ಹೆಸರು ಬೇಡ, ಕಾರ್ಖಾನೆಯ ಹೆಸರೂ ಬೇಡ. ಮುಂದಿನ ಕೂಟಕ್ಕೆ ತನ್ನಿ. ಐವತ್ತು ಚೀಟಿ ಸೇರಿದರೆ ಹೊರೆ ಅಳೆಯಲು ಬರುವವರ ಮುಂದೆ ಇಡಲು ಒಂದು ಕಾಗದವಾಯಿತು.

ದಾರಿಯಲ್ಲಿ ಕಂಡ ಗಿರಣಿಯವರನ್ನು ಸಭೆಗೆ ಬನ್ನಿ ಎಂದು ಕರೆದಿದ್ದೆವು. ಮೆಣಸಿನಕಾಯಿ ಮುಗಿಯಲಿ ಎಂದಿದ್ದರು. ಸದ್ದು ಈಗ ತಾನೇ ನಿಂತಿತು. ಅವರು ಬರುವಷ್ಟರಲ್ಲಿ ನಿಮ್ಮ ಪ್ರಶ್ನೆಗಳೇನಾದರೂ ಇದ್ದರೆ ಕೇಳಿ.